ಉಸಿರು ಎಣಿಸಲು ಕಲಿತದ್ದು

ಇಎಂಟಿ, ಅಂದರೆ ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿ ಆಗಿ ಆಂಬುಲೆನ್ಸ್ ಹತ್ತಿದ ಮೊದಲ ವರ್ಷ ನಾನು ಬರೆದ ಕೇಸ್ ಶೀಟ್‌ಗಳನ್ನು ಈಗ ತೆಗೆದು ನೋಡಿದರೆ, ಉಸಿರಾಟದ ಜಾಗದಲ್ಲಿ ಹೆಚ್ಚುಕಮ್ಮಿ ಎಲ್ಲ ಕಡೆ 18 ಅಂತಲೇ ಇರುತ್ತದೆ. ನಾನು ಎಣಿಸುತ್ತಲೇ ಇರಲಿಲ್ಲ. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸಹಜ ಅಂತ ಓದಿದ್ದೆ. ರೋಗಿ ಮಾತಾಡುತ್ತಿದ್ದರೆ ಸುಮ್ನೆ ನಡುವಿನ ಒಂದು ಅಂಕಿ ಬರೆದುಬಿಡುತ್ತಿದ್ದೆ. ನಾಡಿ, ಬಿಪಿ, ಆಮ್ಲಜನಕದ ಮಟ್ಟ ಎಲ್ಲ ಮಿಷಿನ್ ತೋರಿಸುತ್ತದೆ. ಉಸಿರನ್ನು ಮಾತ್ರ ನಾವೇ ನಿಂತು ನೋಡಬೇಕು, ಹಾಗಾಗಿ ಅದೇ ತಪ್ಪಿಹೋಗುತ್ತದೆ.

ಒಂದು ರಾತ್ರಿ ಅಸ್ತಮಾ ಜೋರಾಗಿದ್ದ ಒಬ್ಬರನ್ನು ಕರೆದೊಯ್ಯುತ್ತಿದ್ದೆವು. ಗಾಡಿ ಹತ್ತಿಸುವಾಗ ಎದೆಯ ಸೀಟಿ ಸದ್ದು ಬಾಗಿಲವರೆಗೂ ಕೇಳುತ್ತಿತ್ತು. ಆಮ್ಲಜನಕ, ಔಷಧಿಯನ್ನು ಹನಿಮಂಜಾಗಿ ಎಳೆದುಕೊಳ್ಳುವ ನೆಬುಲೈಸರ್ ಶುರು ಮಾಡಿದೆವು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಬೆರಳಿನ ಮಿಷಿನ್ 95 ತೋರಿಸುತ್ತಿತ್ತು. ಈಗ ಆರಾಮಾದರು ಅಂದುಕೊಂಡೆ. ಜೊತೆಗಿದ್ದ ಹಿರಿಯರು ಏನೂ ಹೇಳದೆ ನನ್ನ ಕೈ ತೆಗೆದು ರೋಗಿಯ ಹೊಟ್ಟೆಯ ಮೇಲೆ ಇಟ್ಟರು. ಅರ್ಧ ನಿಮಿಷದಲ್ಲಿ ಅದು ನಾಲ್ಕೇ ಸಲ ಎದ್ದಿತು. ಕಣ್ಣು ಮುಚ್ಚಿಕೊಳ್ಳುತ್ತಿದ್ದವು, ಕರೆದರೆ ಅರೆಬರೆ ಉತ್ತರ. ಸ್ಟೆತಸ್ಕೋಪ್ ಇಟ್ಟರೆ ಗಾಳಿಯ ಸದ್ದೇ ಇಲ್ಲ. ಸೀಟಿ ಬರಬೇಕಾದರೂ ಒಳಗೆ ಗಾಳಿ ಓಡಾಡಬೇಕಲ್ವಾ? ಅವರು ಆರಾಮಾಗಿರಲಿಲ್ಲ, ಉಸಿರಾಡಿ ಉಸಿರಾಡಿ ಸೋತುಹೋಗಿದ್ದರು.

ಮುಖಕ್ಕೆ ಮಾಸ್ಕ್ ಹಿಡಿದು, ಅದಕ್ಕೆ ಸೇರಿದ ಚೀಲ ಒತ್ತಿ ಗಾಳಿ ತುಂಬುವ ಬ್ಯಾಗ್-ಮಾಸ್ಕ್‌ನಿಂದ ಉಸಿರು ಕೊಡಲು ಶುರು ಮಾಡಿದೆವು. ಅಲ್ಲೂ ನಾನು ಗಾಬರಿಯಲ್ಲಿ ಬೇಗ ಬೇಗ ಒತ್ತುತ್ತಿದ್ದೆ. ಅಸ್ತಮಾದಲ್ಲಿ ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದೇ ಕಷ್ಟ. ಮೊದಲಿನದು ಬರುವ ಮೊದಲೇ ಇನ್ನೊಂದು ತುಂಬಿದರೆ ಎದೆ ಉಬ್ಬಿಕೊಂಡು ಬಿಪಿ ಇಳಿಯುತ್ತದೆ. "ನಿಧಾನ, ಎದೆ ಪೂರ್ತಿ ಇಳಿಯಲಿ" ಅಂತ ಹಿರಿಯರು ಪ್ರತಿ ಸಲ ಹೇಳುತ್ತಲೇ ಇದ್ದರು. ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ತಿಳಿಸಿ, ಜೀವಂತ ತಲುಪಿಸಿದೆವು. ಆ 95 ನಾವು ಕೊಡುತ್ತಿದ್ದ ಆಮ್ಲಜನಕದ ಕೃಪೆ. ಉಸಿರಾಟ ಸೋಲುತ್ತಿದೆ ಅಂತ ಅದು ಹೇಳುವುದೇ ಇಲ್ಲ.

ಈಗ ನನ್ನ ನೋಟ ಬಾಗಿಲಲ್ಲೇ ಶುರುವಾಗುತ್ತದೆ. ಜಾಗ ನಮಗೆ ಸುರಕ್ಷಿತವಾ ಅನ್ನುವುದು ಮೊದಲು. ಆಮೇಲೆ ರೋಗಿ ಹೇಗೆ ಕೂತಿದ್ದಾರೆ, ಮಂಡಿಗೆ ಕೈ ಊರಿ ಮುಂದಕ್ಕೆ ಬಾಗಿದ್ದಾರಾ, ಒಂದು ಉಸಿರಿಗೆ ಎಷ್ಟು ಮಾತು ಬರುತ್ತಿದೆ ಅಂತ ನೋಡುತ್ತೇನೆ. ರಕ್ತ ಚಿಮ್ಮುತ್ತಿದ್ದರೆ ಬೇರೆಲ್ಲ ಬಿಟ್ಟು ಅದನ್ನು ಒತ್ತಿ ಹಿಡಿಯಬೇಕು. ಪ್ರಜ್ಞೆ ಇಲ್ಲದವರಿಂದ ಗೊರಕೆಯಂಥ ಸದ್ದು ಬಂದರೆ ನಾಲಿಗೆ ಹಿಂದಕ್ಕೆ ಜಾರಿದೆ ಅಂತ ಲೆಕ್ಕ. ತಲೆ ಹಿಂದಕ್ಕೆ ಬಾಗಿಸಿ ಗಲ್ಲ ಎತ್ತುತ್ತೇನೆ. ಕುತ್ತಿಗೆಗೆ ಪೆಟ್ಟಾಗಿರುವ ಅನುಮಾನವಿದ್ದರೆ ತಲೆ ಅಲ್ಲಾಡಿಸದೆ ದವಡೆಯನ್ನಷ್ಟೇ ಮುಂದಕ್ಕೆ ತಳ್ಳುತ್ತೇನೆ.

ಉಸಿರು ಎಣಿಸುತ್ತೇನೆ ಅಂತ ರೋಗಿಗೆ ಹೇಳುವುದಿಲ್ಲ. ಹೇಳಿದರೆ ಯಾರದ್ದಾದರೂ ಉಸಿರಿನ ಲಯ ಬದಲಾಗುತ್ತದೆ. ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದೇ ಇರುತ್ತೇನೆ, ಕಣ್ಣು ಮಾತ್ರ ಎದೆಯ ಮೇಲೆ. 30 ಸೆಕೆಂಡ್ ಎಣಿಸಿ ಎರಡು ಪಟ್ಟು ಮಾಡುತ್ತೇನೆ. ಏರುಪೇರಿದ್ದರೆ ಪೂರ್ತಿ ಒಂದು ನಿಮಿಷ. ಹಿಡಿದ ಆ ಕೈಯಿಂದಲೇ ಇನ್ನೂ ಜಾಸ್ತಿ ತಿಳಿಯುತ್ತದೆ: ಚರ್ಮ ತಣ್ಣಗಿದೆಯಾ, ಬೆವರಿದೆಯಾ, ನಾಡಿ ಸಣ್ಣದಾಗಿ ಓಡುತ್ತಿದೆಯಾ.

ತೊದಲುವವರು, ಕುಡಿದವರ ಹಾಗೆ ತೂರಾಡುವವರು ಸಿಕ್ಕರೆ ಸಕ್ಕರೆ ನೋಡದೆ ಬಿಡುವುದಿಲ್ಲ. ಅದು 70ಕ್ಕಿಂತ ಕೆಳಗಿಳಿದಾಗಲೂ ಪಾರ್ಶ್ವವಾಯುವಿನ ಹಾಗೇ ಕಾಣಬಹುದು. ಸಕ್ಕರೆ ಸರಿಯಿದ್ದರೆ ಮನೆಯವರನ್ನು ಕೇಳುವುದು ಒಂದೇ: ಇವರು ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ? ಆಸ್ಪತ್ರೆಯಲ್ಲಿ ಚಿಕಿತ್ಸೆ ಆ ಗಂಟೆಯ ಮೇಲೆ ನಿಂತಿರುತ್ತದೆ.

ಉಸಿರಿನ ಬಗ್ಗೆ ಇನ್ನೊಂದು ಮಾತು. ಹೃದಯ ನಿಂತವರ ಬಾಯಿ ಮೊದಲ ಕೆಲವು ನಿಮಿಷ ಮೀನಿನ ಬಾಯಿಯ ಹಾಗೆ ಆಗಾಗ ತೆರೆಯಬಹುದು. ಮನೆಯವರು "ಉಸಿರಾಡುತ್ತಿದ್ದಾರೆ" ಅಂತ ಕಾಯುತ್ತಾ ನಿಂತಿರುತ್ತಾರೆ. ಅದು ಉಸಿರಲ್ಲ. ಕರೆದರೆ ಓಗೊಡದೆ ಹಾಗೆ ಏದುತ್ತಿದ್ದರೆ ಆ ಕ್ಷಣವೇ ಎದೆಯ ನಡುವೆ ಕೈಯಿಟ್ಟು ಒತ್ತಲು ಶುರು ಮಾಡಿ. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರುವಂತೆ. ಆಂಬುಲೆನ್ಸ್ ಬಾಗಿಲಿಗೆ ಬಂದರೂ ನಿಲ್ಲಿಸಬೇಡಿ. ನಾವು ಪಕ್ಕಕ್ಕೆ ಬಂದು ಕೈ ಬದಲಾಯಿಸಿಕೊಳ್ಳುತ್ತೇವೆ.