ಡೋರ್ ಫೋನಿನಲ್ಲಿ ನನ್ನ ದನಿ: ಮನೆಯ ರೇಡಿಯೋ ಪಕ್ಕದವರಿಗೆ ಕಾಟ ಕೊಡದ ಹಾಗೆ

ಬಸವೇಶ್ವರನಗರದಲ್ಲಿ ನಾವಿರುವುದು 30-40 ಸೈಟಿನ ಬಾಡಿಗೆ ಮನೆ. ಕೆಳಗೆ ಓನರ್ ಆಂಟಿ, ಮೇಲೆ ನಾವು. ಹಗಲು ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ, ಸಂಜೆ ಹ್ಯಾಮ್ ರೇಡಿಯೋ (ಹವ್ಯಾಸಿಗಳು ದೂರದವರ ಜೊತೆ ಮಾತಾಡೋ ರೇಡಿಯೋ) ಮುಂದೆ ಕೂರುತ್ತೇನೆ. ಒಂದು ಸಂಜೆ ಆಂಟಿ ಮೆಟ್ಟಿಲು ಹತ್ತಿ ಬಂದರು.

"ನೋಡಮ್ಮಾ, ಗೇಟ್ ಹತ್ರ ಯಾರೋ ಬಂದು ಡೋರ್ ಫೋನಲ್ಲಿ ಮಾತಾಡ್ತಾರೆ. ಹೋಗಿ ನೋಡಿದ್ರೆ ನರಪಿಳ್ಳೆ ಇಲ್ಲ. ಮೂರು ಸಲ ಆಯ್ತು. ಬಾತುಕೋಳಿ ಬಾಯಿಗೆ ಬಟ್ಟೆ ತುರುಕಿದ ಹಾಗಿದೆ ಧ್ವನಿ."

ನನ್ನ ಎದೆ ಧಸಕ್ಕೆಂದಿತು. ಹ್ಯಾಮ್‌ಗಳು ದನಿ ಕಳಿಸೋ ಸಿಂಗಲ್ ಸೈಡ್‌ಬ್ಯಾಂಡ್ ಅನ್ನೋ ವಿಧಾನದಲ್ಲಿ ಮಾತಾಡಿದ್ದು ಬೇರೆ ಯಂತ್ರಕ್ಕೆ ಹೊಕ್ಕರೆ ಕೇಳಿಸುವುದೇ ಹಾಗೆ. ಗೇಟಿನಲ್ಲಿ ಇದ್ದದ್ದು ನಾನು!

ಅವತ್ತು ಗಾಬರಿಯಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಓಡಿ 1,800 ರೂಪಾಯಿ ಕೊಟ್ಟು ಲೋ ಪಾಸ್ ಫಿಲ್ಟರ್ (ಬೇಡದ ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯೋ ಡಬ್ಬಿ) ತಂದೆ. ರೇಡಿಯೋ ಸೆಟ್ಟಿನ ಹಿಂದೆ ಹಾಕಿದೆ. ಬಾತುಕೋಳಿ ಒಂಚೂರೂ ಕದಲಲಿಲ್ಲ. ನೀವು ಹಾಗೆ ಮಾಡಬೇಡಿ. ಮೊದಲು ಕಾಟ ಯಾವ ದಾರಿಯಲ್ಲಿ ಹೋಗುತ್ತಿದೆ ಅಂತ ಹುಡುಕಿ, ಆಮೇಲೆ ದುಡ್ಡು ಬಿಚ್ಚಿ. 27 ಮೆಗಾಹರ್ಟ್ಸ್‌ನ ಸಿಟಿಜನ್ ಬ್ಯಾಂಡ್ (ಜನಸಾಮಾನ್ಯರು ಹತ್ತಿರದವರ ಜೊತೆ ಮಾತಾಡೋ ರೇಡಿಯೋ) ಸೆಟ್ ಇಟ್ಟುಕೊಂಡವರಿಗೂ ಇದೇ ಮಾತು.

ಹುಡುಕೋಕೆ ಬೇಕಾದದ್ದು ಒಂದು ಕ್ಯಾಲೆಂಡರ್. ಆಂಟಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ, ಕಾಟ ಬಂದಾಗಲೆಲ್ಲ "ರೇ" ಅಂತ ಬರೆದು ಪಕ್ಕದಲ್ಲಿ ಗಂಟೆ ಹಾಕಿ ಅಂದೆ. ಮೇಲೆ ನನ್ನ ಲಾಗ್ ಪುಸ್ತಕದಲ್ಲಿ ಸಮಯ, ಫ್ರೀಕ್ವೆನ್ಸಿ, ಎಷ್ಟು ವಾಟ್ ಅನ್ನೋದು ಇದ್ದೇ ಇರುತ್ತೆ. ಒಂದು ವಾರ ಆದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. 14 ಮತ್ತು 21 ಮೆಗಾಹರ್ಟ್ಸ್‌ನಲ್ಲಿ ಮಾತಾಡಿದಾಗ ಡೋರ್ ಫೋನು. 21ರಲ್ಲಿ ಇದ್ದಾಗ ಟಿವಿ ಚಿತ್ರವೂ ಚೌಕ ಚೌಕವಾಗಿ ಒಡೆಯುತ್ತಿತ್ತು. 7ರಲ್ಲಿ ಏನೂ ಇಲ್ಲ. ಇನ್ನೊಂದು ಲಾಭ: ಬರೆಯೋಕೆ ಹೇಳಿದ ಮೇಲೆ ಆಂಟಿಯ ಸಿಟ್ಟು ಅರ್ಧ ಇಳಿಯಿತು. ತನಿಖೆಯಲ್ಲಿ ಅವರೂ ಸೇರಿದರಲ್ಲ.

ಎರಡನೇ ಹೆಜ್ಜೆ ಡಮ್ಮಿ ಲೋಡ್. ಆಂಟೆನಾ ಬಿಚ್ಚಿ ಆ ಜಾಗಕ್ಕೆ 50 ಓಮ್‌ನ ರೆಸಿಸ್ಟರ್ ಹಾಕಿ ಮಾತಾಡುವುದು. ಕೊಳ್ಳಬೇಕಿಲ್ಲ. 1 ಕಿಲೋ ಓಮ್, 2 ವಾಟ್‌ನ ರೆಸಿಸ್ಟರ್ 20 ತಗೊಂಡು ಎಲ್ಲವನ್ನೂ ಪ್ಯಾರಲಲ್ ಆಗಿ ಬೆಸುಗೆ ಹಾಕಿದರೆ ಸರಿಯಾಗಿ 50 ಓಮ್, 40 ವಾಟ್ ತಡೆಯುತ್ತೆ. ತಂತಿ ಸುತ್ತಿದ ರೆಸಿಸ್ಟರ್ ಮಾತ್ರ ಬೇಡ, ಅದು ಕಾಯಿಲ್ ಥರ ವರ್ತಿಸುತ್ತೆ. ಡಮ್ಮಿ ಲೋಡ್ ಹಾಕಿದ ಮೇಲೂ ಕಾಟ ಇದ್ದರೆ ಸೆಟ್ಟಿನಿಂದಲೇ, ಇಲ್ಲ ಪವರ್ ಸಪ್ಲೈ ವೈರಿನಿಂದ ಸೋರುತ್ತಿದೆ ಅಂತ ಅರ್ಥ. ನಿಂತುಹೋದರೆ ಆಂಟೆನಾ ಇಲ್ಲವೇ ಅದಕ್ಕೆ ಹೋಗುವ ಕೋಯಾಕ್ಸ್ (ಒಳಗೆ ತಂತಿ, ಹೊರಗೆ ಜಾಲರಿ ಇರುವ ಕೇಬಲ್) ಕಾರಣ. ನಾನು ಮೇಲೆ 30 ವಾಟ್‌ನಲ್ಲಿ "ಸಿಕ್ಯೂ, ಸಿಕ್ಯೂ" (ಯಾರಾದರೂ ಇದ್ದೀರಾ ಅನ್ನೋ ರೇಡಿಯೋ ಕರೆ) ಅಂದೆ, ಮಗಳು ಕೆಳಗಿನಿಂದ "ಏನೂ ಇಲ್ಲಮ್ಮಾ" ಅಂತ ಕೂಗಿದಳು.

ಹಾಗಾದರೆ ನನ್ನ ಫಿಲ್ಟರ್ ಯಾಕೆ ದಂಡವಾಯಿತು? ಕಾಟದಲ್ಲಿ ಎರಡು ಜಾತಿ. ಸೆಟ್ಟು ತನ್ನ ಫ್ರೀಕ್ವೆನ್ಸಿಯ ಎರಡರಷ್ಟು, ಮೂರರಷ್ಟರಲ್ಲೂ ಒಂಚೂರು ಹೊರಗೆ ಬಿಡುತ್ತೆ, ಅದು ಹಾರ್ಮೋನಿಕ್. 27ಕ್ಕೆ 54, 81; 21ಕ್ಕೆ 42, 63. ಲೋ ಪಾಸ್ ಫಿಲ್ಟರ್ ಹಿಡಿಯುವುದು ಇದನ್ನು. ಇನ್ನೊಂದು ಜಾತಿಯಲ್ಲಿ ನಮ್ಮ ಸಿಗ್ನಲ್ ಶುದ್ಧವಾಗೇ ಇರುತ್ತೆ, ಪಕ್ಕದ ಯಂತ್ರ ಅದನ್ನೇ ನುಂಗಿ ಒದ್ದಾಡುತ್ತೆ. ಡೋರ್ ಫೋನಿಗೆ ರೇಡಿಯೋ ಆಗೋ ಆಸೆಯಿಲ್ಲ, ಆದರೆ ಅದರ ಉದ್ದ ವೈರು ಆಂಟೆನಾ ಆಗಿಬಿಡುತ್ತೆ. ಇಲ್ಲಿ ಫಿಲ್ಟರ್‌ಗೆ ಕೆಲಸವೇ ಇಲ್ಲ.

ಆಗ ಟಾರ್ಚ್ ಹಿಡಿದು ಮನೆ ಹೊರಗೋಡೆ ನೋಡೋಕೆ ಹೋದೆ. ನಾಚಿಕೆಯ ವಿಷಯ, ಆದರೂ ಹೇಳುತ್ತೇನೆ. ಆ ಡೋರ್ ಫೋನಿಗೆ ನಮ್ಮ ಮನೆಯಲ್ಲೂ ಒಂದು ರಿಸೀವರ್ ಇದೆ, ಅದರ ವೈರು ಗೋಡೆ ಮೇಲೆ ಹತ್ತಿ ಬರುತ್ತೆ. ಕೋಯಾಕ್ಸ್ ಇಳಿಸುವಾಗ ಮೊಳೆ ಹೊಡೆಯೋ ಕಷ್ಟ ಯಾಕೆ ಅಂತ ನಾನೇ ಅದನ್ನು ಆ ವೈರಿಗೆ ಟೈ ಹಾಕಿ ಬಿಗಿದಿದ್ದೆ. ಹತ್ತಿರ ಹತ್ತಿರ 12 ಅಡಿ, ಎರಡೂ ಅಪ್ಪಿಕೊಂಡು ನಿಂತಿದ್ದವು.

ಕೋಯಾಕ್ಸ್ ಒಳಗೆ ಹೋಗುವ ಕರೆಂಟ್ ಒಳಗೇ ಇರಬೇಕು. ನನ್ನ ಆಂಟೆನಾ ಡೈಪೋಲ್, ಅಂದರೆ ನಡುವೆ ಕೇಬಲ್ ಸೇರುವ ಎರಡು ತೋಳಿನ ತಂತಿ. ಆ ನಡುವೆ ಚೋಕ್ (ವಾಪಸ್ ಬರೋ ಕರೆಂಟ್ ತಡೆಯುವ ಸುರುಳಿ) ಇಲ್ಲದಿದ್ದರೆ ಒಂದು ಭಾಗ ಹೊರಗಿನ ಜಾಲರಿ ಮೇಲೆ ವಾಪಸ್ ಇಳಿದು ಬರುತ್ತೆ. ಆಗ ಕೇಬಲ್ಲೇ ಆಂಟೆನಾ, ಅದೂ ಮನೆ ಗೋಡೆಗೆ ಅಂಟಿಕೊಂಡು.

ಚೋಕ್ ಮಾಡುವುದು ಸುಲಭ. 2.4 ಇಂಚಿನ, 31ನೇ ನಂಬರ್ ಮಿಕ್ಸ್‌ನ ಫೆರೈಟ್ (ರೇಡಿಯೋ ಕರೆಂಟ್ ತಡೆಯೋ ಕಾಂತೀಯ ವಸ್ತು) ರಿಂಗಿಗೆ ಆರ್‌ಜಿ-58 ಅನ್ನೋ ಕೋಯಾಕ್ಸ್ ಕೇಬಲ್ಲನ್ನು 10 ಸುತ್ತು ಸುತ್ತಿ, ಆಂಟೆನಾಗೆ ಕೇಬಲ್ ಸೇರುವ ಜಾಗದಲ್ಲೇ ಕಟ್ಟಿ. 27 ಮೆಗಾಹರ್ಟ್ಸ್‌ನವರು ಫೆರೈಟ್ ಸಿಗದಿದ್ದರೆ 4-5 ಇಂಚಿನ ಪಿವಿಸಿ ಪೈಪಿನ ತುಂಡಿಗೆ 6-8 ಸುತ್ತು ಸುತ್ತಿದರೂ ನಡೆಯುತ್ತೆ. ಹಳೇ ಕಂಪ್ಯೂಟರ್ ಪವರ್ ಸಪ್ಲೈಯಲ್ಲಿ ಸಿಗೋ ಹಳದಿ-ಬಿಳಿ ರಿಂಗನ್ನು ಅಂಗಡಿಯವರು "ಇದೂ ಅದೇ ಮೇಡಂ" ಅಂತ ಕೊಡುತ್ತಾರೆ. ಅದು ಕಬ್ಬಿಣದ ಪುಡಿಯದ್ದು. ಈ ಕೆಲಸಕ್ಕೆ ಬರಲ್ಲ.

ಆ ಭಾನುವಾರ ಟೈಗಳನ್ನೆಲ್ಲ ಕತ್ತರಿಸಿ ಕೋಯಾಕ್ಸನ್ನು ಮನೆಯ ಇನ್ನೊಂದು ಬದಿಯಿಂದ ಇಳಿಸಿದೆ. ಡೈಪೋಲನ್ನೂ ಜರುಗಿಸಿದೆ. 14ಕ್ಕೆ ಅದರ ಉದ್ದ ಸುಮಾರು 33 ಅಡಿ. 30-40 ಸೈಟಿನಲ್ಲಿ ಮೂಲೆಯಿಂದ ಮೂಲೆಗೆ 50 ಅಡಿ ಸಿಗುತ್ತೆ, ಹಾಗಾಗಿ ತಾರಸಿ ಮೇಲೆ ಓರೆಯಾಗಿ ಎಳೆದರೆ ಎರಡೂ ತುದಿ ಗೋಡೆಯಿಂದ ದೂರ ಉಳಿಯುತ್ತವೆ. ಕರೆಂಟ್ ಕಂಬದ ತಂತಿಗಳ ಹತ್ತಿರವಂತೂ ಹೋಗಲೇಬೇಡಿ, ಆಂಟೆನಾ ತುಂಡಾಗಿ ಬಿದ್ದರೂ ಅವಕ್ಕೆ ತಗಲಬಾರದು.

ತಾರಸಿಯಲ್ಲಿ ಇನ್ನೊಬ್ಬ ಕಳ್ಳ ಇದ್ದ: ಬಟ್ಟೆ ಒಣಹಾಕುವ ತಂತಿ. ತುಕ್ಕು ಹಿಡಿದ ಕೊಕ್ಕೆಯಲ್ಲಿ ಎರಡು ಲೋಹ ಸಡಿಲವಾಗಿ ತಗುಲಿದ್ದರೆ ಅದು ಡಯೋಡ್ ಆಗಿ ಕೆಲಸ ಮಾಡಿ ತಾನೇ ಹಾರ್ಮೋನಿಕ್ ಹುಟ್ಟಿಸುತ್ತೆ. ಸೆಟ್ಟಿನ ಫಿಲ್ಟರ್ ಇದನ್ನೇನೂ ಮಾಡಲಾರದು. ತಂತಿ ಬಿಚ್ಚಿ ನೈಲಾನ್ ಹಗ್ಗ ಕಟ್ಟಿದೆ.

ಅರ್ಥಿಂಗ್ ಹಾಕಿಸಿ, ಎಲ್ಲ ಸರಿಹೋಗುತ್ತೆ ಅನ್ನುವವರು ಬಹಳ ಜನ. ಸಿಡಿಲಿಗೆ, ಶಾಕ್‌ಗೆ ಅರ್ಥಿಂಗ್ ಬೇಕೇ ಬೇಕು. ಆದರೆ ಈ ಕಾಟಕ್ಕೆ ಅದು ಮದ್ದಲ್ಲ. 28 ಮೆಗಾಹರ್ಟ್ಸ್‌ನಲ್ಲಿ ಎರಡೂವರೆ ಮೀಟರ್ ದಾಟಿದ ತಂತಿ ಅಂದರೆ ಕಾಲು ತರಂಗ. ಮಹಡಿಯಿಂದ ನೆಲಕ್ಕೆ ಇಳಿಯೋ ಅರ್ಥ್ ವೈರೂ ಒಂದು ಆಂಟೆನಾನೇ ಆಗುತ್ತೆ.

ಇಷ್ಟಾದ ಮೇಲೆ ಆಂಟಿ ಮನೆಗೆ ಹೋದೆ. ಡೋರ್ ಫೋನಿನ ವೈರು ಯಂತ್ರಕ್ಕೆ ಹೋಗುವ ಜಾಗದಲ್ಲೇ, ಬಿಚ್ಚಿ ಮುಚ್ಚುವ ಫೆರೈಟ್ ಕ್ಲಿಪ್ಪಿನೊಳಗೆ ಮೂರು ಸುತ್ತು ಸುತ್ತಿದೆ. ಸುಮ್ನೆ ಒಂದು ಸಲ ತೂರಿಸಿ ಬಿಡಬೇಡಿ. ಮೂರು ಸುತ್ತಿಗೆ ತಡೆ ಹೆಚ್ಚುಕಡಿಮೆ ಒಂಬತ್ತು ಪಟ್ಟು. ಅಡಾಪ್ಟರ್ ವೈರಿಗೂ ಒಂದು ಹಾಕಿದೆ. ಯಂತ್ರದ ಒಳಗೆ ಕೈ ಹಾಕಲಿಲ್ಲ. ಬೇರೆಯವರ ವಸ್ತು, ನಾಳೆ ಅದು ಕೆಟ್ಟರೆ ನಮ್ಮ ತಲೆಗೇ ಬರುತ್ತೆ ಅಲ್ವಾ?

ಟಿವಿಯದು ಬೇರೆ ಕಥೆ. ಕೇಬಲ್ ಹುಡುಗ ಕಾಂಪೌಂಡ್ ಹತ್ತಿರ ಎರಡು ತುಂಡನ್ನು ತಿರುಚಿ ಟೇಪ್ ಸುತ್ತಿದ್ದ. ಸರಿಯಾದ ಕನೆಕ್ಟರ್ ಹಾಕಿಸಿದೆವು, ಚೌಕ ಹೋಯಿತು.

ಕೊನೆಗೆ ಪವರ್. ರಾತ್ರಿ ಧಾರಾವಾಹಿ ಹೊತ್ತಿನಲ್ಲಿ 50 ವಾಟ್‌ನಿಂದ 12ಕ್ಕೆ ಇಳಿಸುತ್ತೇನೆ. ದೂರದಲ್ಲಿ ಕೇಳುವವರ ಮೀಟರಿನಲ್ಲಿ ಕಡಿಮೆಯಾಗುವುದು ಒಂದೇ ಒಂದು ಎಸ್ ಯೂನಿಟ್, ಅಂದರೆ ಸಿಗ್ನಲ್ ಅಳೆಯೋ ಆ ಮೀಟರಿನ ಒಂದು ಗೀಟು. ಆದ್ದರಿಂದ ಕಡಿಮೆ ಮಾಡೋಕೆ ಹಿಂಜರಿಕೆ ಬೇಡ. ಸಿಟಿಜನ್ ಬ್ಯಾಂಡ್ ಸೆಟ್ಟಿಗೆ ಪವರ್ ಹೆಚ್ಚಿಸೋ ಲೀನಿಯರ್ ಆಂಪ್ಲಿಫೈಯರ್ ಸಿಕ್ಕಿಸುವ ಆಸೆ ಇದ್ದರೆ ಇಲ್ಲೇ ಬಿಟ್ಟುಬಿಡಿ.

ಕಳೆದ ತಿಂಗಳು ಕ್ಯಾಲೆಂಡರ್‌ನಲ್ಲಿ ಮತ್ತೆ ಒಂದು "ರೇ" ಬಿತ್ತು, ಮಧ್ಯಾಹ್ನ ಮೂರು ಗಂಟೆ. ಲಾಗ್ ತೆಗೆದು ನೋಡಿದೆ, ಆಗ ನಾನು ಸ್ಕೂಲಲ್ಲಿ ಪಾಠ ಮಾಡುತ್ತಿದ್ದೆ. ವಿಚಾರಿಸಿದರೆ ಗೇಟಿನಲ್ಲಿ ನಿಜವಾಗಿಯೂ ಕೊರಿಯರ್‌ನವನು ನಿಂತಿದ್ದನಂತೆ. ಪಾಪ, ಆಂಟಿ ಬಾಗಿಲೇ ತೆಗೆದಿರಲಿಲ್ಲ.