ಸೈಕಲ್ ಇಳಿದ ಮೂರು ವಾರ

ಈ ವರ್ಷದ ಕೊನೆಯ ರೇಸ್ 80 ಕಿಲೋಮೀಟರಿನದು. ನನ್ನ ಪಾಲಿಗೆ ಅದು 48ನೇ ಕಿಲೋಮೀಟರಿನಲ್ಲೇ ಮುಗಿಯಿತು.

ವಿಜಯಪುರದ ಕಡೆಯ ರಸ್ತೆ. ಗುಡ್ಡ ಇಲ್ಲ, ಮರದ ಮರೆ ಇಲ್ಲ, ಕಣ್ಣು ಹಾಯುವಷ್ಟು ದೂರ ತೊಗರಿ ಹೊಲ. ಎಡಗಡೆಯಿಂದ ಗಾಳಿ. ನಾನು ಶಿಡ್ಲಘಟ್ಟ ತಾಲ್ಲೂಕಿನವಳು, ನಂದಿ ಬೆಟ್ಟ ಹತ್ತಿ ಹತ್ತಿ ಸೈಕಲ್ ಕಲಿತವಳು. ಏರು ಬಂದರೆ ನನಗೆ ಖುಷಿ. ಗಾಳಿಯ ಲೆಕ್ಕ ಮಾತ್ರ ಆ ಕಡೆಯ ಹುಡುಗಿಯರಿಗೆ ಹುಟ್ಟಿನಿಂದಲೇ ಬಂದಿದೆಯೇನೋ ಅನ್ನಿಸುತ್ತದೆ. ಎದುರುಗಾಳಿಯಲ್ಲಿ ಮುಂದಿನವಳ ಗಾಲಿಯ ಹಿಂದೆ ಅಂಟಿಕೊಂಡರೆ ಹೆಚ್ಚುಕಮ್ಮಿ ಮೂರರಲ್ಲೊಂದು ಪಾಲು ಶ್ರಮ ಉಳಿಯುತ್ತದೆ. ಗಾಳಿ ಎಡದಿಂದ ಬಂದರೆ ಆ ಮರೆ ಬಲಕ್ಕೆ ಸರಿಯುತ್ತದೆ. ಆಗ ಅವಳ ಬಲಗಡೆ, ಸ್ವಲ್ಪ ಹಿಂದೆ ಇರಬೇಕು. ಹೀಗೆ ಒಬ್ಬರ ಪಕ್ಕ ಒಬ್ಬರು ಓರೆಯಾಗಿ ಸೇರುತ್ತಾ ಹೋದರೆ ಐದಾರು ಜನಕ್ಕೆ ರಸ್ತೆಯ ಅಗಲವೇ ಮುಗಿದುಹೋಗುತ್ತದೆ. ಏಳನೆಯವಳಿಗೆ ಸಿಗುವುದು ಡಾಂಬರಿನ ಅಂಚು ಮತ್ತು ಪೂರ್ತಿ ಗಾಳಿ.

ಆ ದಿನ ಏಳನೆಯವಳು ನಾನು. ಮೊದಲು ಹತ್ತು ಮೀಟರ್ ಅಂತರ ಬಿತ್ತು. ಆಮೇಲೆ ಐವತ್ತು. ಆಮೇಲೆ ಅವರ ಜೆರ್ಸಿಯ ಬಣ್ಣ ಮಾತ್ರ ಕಾಣುತ್ತಿತ್ತು. ಉಳಿದ 32 ಕಿಲೋಮೀಟರ್ ಹೆಚ್ಚುಕಮ್ಮಿ ಒಬ್ಬಳೇ ತುಳಿದೆ. ಒಂಬತ್ತನೇ ಸ್ಥಾನ.

ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಗಾಲಿ ಬಿಚ್ಚಿದ ಸೈಕಲ್, ಸೀಟಿನಲ್ಲಿ ನಾನು. ಮೊಬೈಲ್ ತೆಗೆದು ಮುಂದಿನ ವಾರದ ಪ್ರಾಕ್ಟೀಸ್ ಬರೆಯೋಕೆ ಶುರು ಮಾಡಿದೆ. ಸೋತರೆ ಮರುದಿನವೇ ಜಾಸ್ತಿ ತುಳಿಯಬೇಕು ಅನ್ನೋದು ನನ್ನ ಹಳೇ ಚಾಳಿ. ತುಮಕೂರು ದಾಟುವಷ್ಟರಲ್ಲಿ ಬರೆದದ್ದನ್ನೆಲ್ಲ ಅಳಿಸಿದೆ. ಯಾಕೆ ಅಂದರೆ ಎರಡು ವರ್ಷದ ಹಿಂದೆ ಹಾಗೆ ಮಾಡಿ ಸರಿಯಾಗಿ ಅನುಭವಿಸಿದ್ದೆ.

ಆ ವರ್ಷ ಆಗಸ್ಟಿನಲ್ಲಿ ನಾನು ಹೆಂಗಸರ ಟೂರ್ ಡಿ ಫ್ರಾನ್ಸ್ ನೋಡಿದ್ದೆ, 2024ರದ್ದು. ಎಂಟು ಹಂತ ತುಳಿದ ಮೇಲೆ ಪೋಲೆಂಡಿನ ಕಾಸಿಯಾ ನೇವಿಯಾಡೋಮಾ ಗೆದ್ದದ್ದು ಬರೀ 4 ಸೆಕೆಂಡಿನಲ್ಲಿ. ಕೊನೆಯ ದಿನ ಆಲ್ಪ್ ದ್ಯುಯೆಜ್ ಏರಿನಲ್ಲಿ, ಎರಡನೆಯವಳಾದ ಡೆಮಿ ಫೋಲರಿಂಗ್ ಎಷ್ಟು ಹಿಂಡಿದರೂ ಆ 4 ಸೆಕೆಂಡ್ ಉಳಿದುಬಿಟ್ಟಿತು. ಅದನ್ನು ನೋಡಿದ ಮೇಲೆ ನನಗೆ ಹುಚ್ಚು ಹಿಡಿದಂತಾಯಿತು. ಒಂದು ದಿನ ಬಿಟ್ಟರೂ ನನ್ನ 4 ಸೆಕೆಂಡ್ ಹೋಯಿತು ಅನ್ನುವ ಭಯ. ಅದೇ ಹೆಂಗಸರು ಅಕ್ಟೋಬರಿನಲ್ಲಿ ಸೀಸನ್ ಮುಗಿಸಿ ಸೈಕಲ್ ಮೂಲೆಗಿಟ್ಟು ಸಮುದ್ರದ ದಡಕ್ಕೋ ಎಲ್ಲಿಗೋ ಹೋಗುತ್ತಾರೆ ಅನ್ನೋದು ಮಾತ್ರ ನನ್ನ ತಲೆಗೆ ಹೋಗಲಿಲ್ಲ.

ಸೀಸನ್ ಮುಗಿದರೂ ನಾನು ವಾರಕ್ಕೆ ಆರು ದಿನ ತುಳಿದೆ. ಊಟ ಕಮ್ಮಿ ಮಾಡಿದೆ, ಏರಿಗೆ ಹಗುರ ಆಗಲಿ ಅಂತ. 54 ಕೆಜಿ ಇದ್ದವಳು 49ಕ್ಕೆ ಬಂದೆ. ಮುಟ್ಟು ನಿಂತುಹೋಯಿತು, ನಾಲ್ಕು ತಿಂಗಳು. ನಿಜ ಹೇಳಬೇಕು ಅಂದರೆ ನನಗೆ ಖುಷಿಯೇ ಆಗಿತ್ತು. ನಾಲ್ಕು ಗಂಟೆ ಸೀಟಿನ ಮೇಲೆ ಕೂರುವವರಿಗೆ ಅದೊಂದು ತಲೆನೋವು ಇಲ್ಲದಿದ್ದರೆ ಎಷ್ಟು ಆರಾಮ ಅಲ್ವಾ? ಆಗ ನನಗೆ ಹೇಳಿಕೊಡುತ್ತಿದ್ದವರೂ "ಒಳ್ಳೇದೇ ಆಯ್ತು ಬಿಡಮ್ಮ, ಹಗುರ ಆಗಿದ್ದೀಯ" ಅಂದರು. ಜನವರಿ ಒಳಗೆ ಮೂರು ಸಲ ಜ್ವರ ಬಂತು. ಫೆಬ್ರವರಿಯಲ್ಲಿ ಮನೆ ಮಹಡಿ ಹತ್ತಿದರೆ ಏದುಸಿರು.

ನಾನು ಹೋದ ಡಾಕ್ಟರಮ್ಮ ಮೊದಲು ಕೇಳಿದ್ದೇ ಮುಟ್ಟಿನ ವಿಷಯ. ಹಿಮೋಗ್ಲೋಬಿನ್ 11.6 ಇತ್ತು, ಅಂಥಾ ಕಮ್ಮಿಯೇನೂ ಅಲ್ಲ. ಅದನ್ನಷ್ಟೇ ನೋಡಿದ್ದರೆ ವಿಷಯ ಗೊತ್ತಾಗುತ್ತಿರಲಿಲ್ಲ. ಅವರು ಫೆರಿಟಿನ್ ಕೂಡ ಬರೆದುಕೊಟ್ಟರು. ಅದು ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. 8 ಬಂತು. ಕೈಯಲ್ಲಿ ಚಿಲ್ಲರೆ ಇದೆ, ಕಣಜ ಖಾಲಿ ಅಂದಹಾಗೆ. ದುಡಿಮೆಗೆ ತಕ್ಕಷ್ಟು ತಿನ್ನದಿದ್ದರೆ ಮೈ ಒಂದೊಂದೇ ಕೆಲಸ ನಿಲ್ಲಿಸುತ್ತಾ ಬರುತ್ತದೆ, ಮೊದಲು ಮುಟ್ಟು, ಆಮೇಲೆ ಮೂಳೆಯ ಗಟ್ಟಿತನ, ರೋಗ ತಡೆಯುವ ಶಕ್ತಿ, ಅಂತ ವಿವರಿಸಿದರು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ರೆಡ್-ಎಸ್ ಅಂತ ಹೆಸರು ಕೊಟ್ಟಿದೆಯಂತೆ. ಮುಂದಿನ ಸೀಸನ್ ಅರ್ಧ ಹಾಳಾಯಿತು. ಆ ಕಥೆ ಇಲ್ಲಿ ಬೇಡ.

ಈ ಸಲ ಬೆಳಗಿನ ಜಾವ ಮನೆಗೆ ಬಂದಾಗ ಮನೆಯಲ್ಲಿ ಸದ್ದೇ ಇರಲಿಲ್ಲ. ರೇಷ್ಮೆ ಹುಳದ ಮನೆ ಇರುವ ಊರಿನವರಿಗೆ ಇದು ಅರ್ಥವಾಗುತ್ತದೆ. 150 ಮೊಟ್ಟೆ ಮೇಯಿಸಿದ್ದರು; ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೇ ನಮ್ಮಲ್ಲಿ ಒಂದು ಮೊಟ್ಟೆ ಅನ್ನುವುದು. ರೇಷ್ಮೆ ಹುಳು ಸೊಪ್ಪು ತಿನ್ನುವಾಗ ಸಣ್ಣಗೆ ಸರಸರ ಸದ್ದು ಇದ್ದೇ ಇರುತ್ತದೆ. ಆವತ್ತು ಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಲೇ ಹೇಳುವುದು. ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತವೆ, ತಿನ್ನುವುದಿಲ್ಲ. ಆಗ ಸೊಪ್ಪು ಹಾಕಬಾರದು, ಮುಟ್ಟಲೂಬಾರದು.

"ನಾಳೆಯಿಂದ ತುಳಿಯಲ್ಲ ಕಣಮ್ಮ, ಮೂರು ವಾರ" ಅಂದೆ.

ಅಮ್ಮ ಹುಳದ ಕಡೆ ಕೈ ತೋರಿಸಿ, "ಅವುಕ್ಕೆ ಒಂದೇ ದಿನ ಸಾಕು. ನಿಂಗೆ ಮೂರು ವಾರಾನಾ?" ಅಂದಳು.

ಮೊದಲ ಹತ್ತು ದಿನ ಸೈಕಲ್ ಮುಟ್ಟಲಿಲ್ಲ. ಇದೇ ಕಷ್ಟದ ಭಾಗ. ಮೂರನೇ ದಿನಕ್ಕೆ ಕಾಲು ಜೋಮು ಹಿಡಿದಂತೆ, ನಿದ್ದೆ ಬಾರದು, ಸುಮ್ನೆ ಸಿಟ್ಟು. ಪಕ್ಕದ ಮನೆ ಅಜ್ಜಿ "ಏನವ್ವಾ, ಸೈಕಲ್ ಕೆಟ್ಟೋಯ್ತಾ?" ಅಂತ ದಿನಾ ಕೇಳುತ್ತಿದ್ದರು. ನನ್ನ ಸಮಾಧಾನಕ್ಕೆ ಒಂದೇ ವಿಷಯ ನೆನಪು ಮಾಡಿಕೊಳ್ಳುತ್ತಿದ್ದೆ. ಸೈಕಲ್ ಬಿಟ್ಟ ಮೊದಲ ಎರಡು ವಾರದಲ್ಲಿ ಮುಖ್ಯವಾಗಿ ಕಮ್ಮಿಯಾಗುವುದು ರಕ್ತದ ನೀರಿನ ಪಾಲು. ಅದಕ್ಕೇ ವಾಪಸ್ ಬಂದಾಗ ಎದೆ ಬಡಿತ ಜಾಸ್ತಿ ತೋರಿಸುತ್ತದೆ. ತುಳಿಯೋಕೆ ಶುರು ಮಾಡಿದ ಮೇಲೆ ಅದು ಬೇಗ ತುಂಬಿಕೊಳ್ಳುತ್ತದೆ. ವರ್ಷಗಟ್ಟಲೆ ಕಟ್ಟಿದ ಕಾಲು ಹತ್ತು ದಿನಕ್ಕೆ ಕರಗುವುದಿಲ್ಲ.

ಬೆಳಿಗ್ಗೆ ಏಳುವ ಮೊದಲು, ಮಲಗಿದಲ್ಲೇ, ನಾಡಿ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ನನ್ನದು ಸಾಮಾನ್ಯವಾಗಿ 51, 52. ರೇಸಿನ ಮರುದಿನ 61 ಇತ್ತು. ಒಂದು ವಾರ ಕಳೆದರೂ 58. ಅಷ್ಟು ದಣಿದಿದ್ದೆ ಅಂತ ನನಗೇ ಗೊತ್ತಿರಲಿಲ್ಲ. ಅಡ್ಡಗಾಳಿಯಲ್ಲಿ ನಾನು ಸೋತದ್ದಕ್ಕೆ ಲೆಕ್ಕ ತಪ್ಪಿದ್ದು ಒಂದು ಕಾರಣ, ಇದೂ ಒಂದು ಇರಬೇಕು. 12ನೇ ದಿನ 52 ಬಂತು.

ಇನ್ನೊಂದು ವಿಷಯ ಯಾರೂ ಮಾತಾಡುವುದಿಲ್ಲ, ಅದಕ್ಕೆ ನಾನೇ ಹೇಳುತ್ತೇನೆ. ಸೀಟಿನ ಗಾಯ. ಸೀಸನ್ ಪೂರ್ತಿ ಮುಲಾಮು ಹಚ್ಚಿಕೊಂಡು ಅದರ ಮೇಲೇ ತುಳಿದಿರುತ್ತೇವೆ. ಹತ್ತು ದಿನ ಬಿಟ್ಟರೆ ಅದು ತಾನಾಗಿ ಮಾಯುತ್ತದೆ. ಇದೊಂದಕ್ಕಾದರೂ ಬಿಡಬೇಕು.

ಊಟಕ್ಕೆ ಹೊಸದೇನೂ ಇಲ್ಲ. ಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿ, ದಿನಾ ಎರಡು ಮೊಟ್ಟೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ, ಮೂಳೆಗೆ ಒಳ್ಳೆಯದು. ಆದರೆ ರಾಗಿ ತಿಂದರೆ ಕಬ್ಬಿಣ ತುಂಬಿ ತುಳುಕುತ್ತದೆ ಅಂತ ನಂಬಿಕೊಂಡು ನಾನು ಒಂದು ಸಲ ಮೋಸ ಹೋಗಿದ್ದೇನೆ. ಈಗ ಸೀಸನ್ ಮುಗಿದ ಕೂಡಲೇ ಫೆರಿಟಿನ್ ಪರೀಕ್ಷೆ ಮಾಡಿಸುತ್ತೇನೆ. ಮಾತ್ರೆ ಬೇಕೋ ಬೇಡವೋ ಡಾಕ್ಟರಮ್ಮ ಹೇಳಬೇಕು, ನಾನಲ್ಲ. ನಾನು ಬದಲಾಯಿಸಿದ್ದು ಟೀ. ಊಟದ ಜೊತೆಗೇ ಟೀ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯುತ್ತೇನೆ. ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಅದು ಚೆನ್ನಾಗಿ ಹತ್ತುತ್ತದೆ.

ಮೂರು ವಾರ ತುಳಿಯಲ್ಲ ಅಂದೆನಲ್ಲ, ಆರಾಮ ಅನ್ನೋದು ಬರೀ ಮಾತಿಗೆ. ಜ್ವರ ಬಿಟ್ಟ ಮೇಲಿನ ಏಳೆಂಟು ದಿನ ಹುಳು ತಿನ್ನುವುದು ನೋಡಬೇಕು. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲಿಗೂ ಜಾಸ್ತಿ ಆಗಲೇ ಖರ್ಚಾಗುವುದು. ಕುಡುಗೋಲು ನನ್ನ ಕೈಗೂ ಬಂತು. ರೆಂಬೆ ಸಮೇತ ಕೊಯ್ದು, ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ತರಬೇಕು. 80 ಕಿಲೋಮೀಟರ್ ತುಳಿಯುವ ನಾನು ನಾಲ್ಕು ಹೊರೆಗೆ ಸುಸ್ತು. ಸೊಂಟ, ಭುಜ, ಕತ್ತು ಎಲ್ಲ ಹಿಡಿದುಕೊಂಡಿತು. ಸೈಕಲ್ ತುಳಿಯುವವರ ಮೈ ಕಾಲಿನಲ್ಲಿ ಮಾತ್ರ ಇರುತ್ತದೆ ಅಂತ ಅಪ್ಪ ನಕ್ಕರು. ಗೂಡು ಕಟ್ಟಲಿ ಅಂತ ಚಂದ್ರಿಕೆ ತಟ್ಟೆಗೆ ಹುಳು ಬಿಡುವಷ್ಟರಲ್ಲಿ ಸೊಂಟ ಸ್ವಲ್ಪ ಗಟ್ಟಿಯಾಗಿತ್ತು. ಜಿಮ್ಮಿಗೆ ಕೊಡುವ ದುಡ್ಡು ಉಳಿಯಿತು.

ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿದ ಮೇಲೆ ಅಪ್ಪ ಅಮ್ಮ ಹುಳದ ಮನೆ ತೊಳೆಯೋಕೆ ನಿಂತರು. ಬ್ಲೀಚಿಂಗ್ ಪೌಡರ್, ಸುಣ್ಣ. ಅದೇ ದಿನ ನಾನು ಅಂಗಳದಲ್ಲಿ ಸೈಕಲ್ ಬಿಚ್ಚಿದೆ. ಹ್ಯಾಂಡಲ್ ಟೇಪ್ ಸುತ್ತು ಬಿಚ್ಚಿದರೆ ಒಳಗೆ ಬೆವರಿನ ಉಪ್ಪು. ಅಲ್ಯೂಮಿನಿಯಂ ಹ್ಯಾಂಡಲ್ ಒಂದು ಕಡೆ ಬಿಳಿ ಪುಡಿಯಾಗಿ ಉದುರಿತು. ಇಳಿಜಾರಿನಲ್ಲಿ 60ರ ವೇಗದಲ್ಲಿ ಹಿಡಿದುಕೊಳ್ಳುತ್ತಿದ್ದ ಜಾಗ ಅದು. ಹ್ಯಾಂಡಲ್ ಎಸೆದೆ. ಟೇಪ್ ಚೆನ್ನಾಗಿಯೇ ಇದೆ ಅನ್ನಿಸಿದರೂ ವರ್ಷಕ್ಕೊಂದು ಸಲ ಬಿಚ್ಚಿ ನೋಡಿ, ಅಷ್ಟು ಹೇಳಬಲ್ಲೆ. ಚೈನ್ ಸವೆದು ಎಷ್ಟು ಉದ್ದ ಆಗಿದೆ ಅಂತ ಅಳತೆ ಹಾಕಿದರೆ ಶೇಕಡಾ 0.75 ದಾಟಿತ್ತು. 0.5ಕ್ಕೇ ಬದಲಾಯಿಸಬೇಕಿತ್ತು. ಜಿಪುಣತನ ಮಾಡಿ ಚೈನ್ ಉಳಿಸಲು ಹೋಗಿ ಕ್ಯಾಸೆಟ್ಟಿನ, ಅಂದರೆ ಹಿಂದಿನ ಗಾಲಿಯ ಹಲ್ಲುಚಕ್ರಗಳ, ಹಲ್ಲೂ ತಿಂದುಹಾಕಿದ್ದೆ. ಎರಡನ್ನೂ ಬೆಂಗಳೂರಿನಿಂದ ತರಿಸಬೇಕಾಯಿತು.

22ನೇ ದಿನ ಮತ್ತೆ ಹತ್ತಿದೆ. ಮೀಟರ್ ಹಾಕಿಕೊಳ್ಳಲಿಲ್ಲ. ನಂದಿ ಕಡೆ ಹೋದರೆ ಟೈಮ್ ನೋಡುವ ಆಸೆ ಆಗುತ್ತದೆ, ಒಳ್ಳೇ ದಿನ 27 ನಿಮಿಷದಲ್ಲಿ ಹತ್ತಿದ ಬೆಟ್ಟ ಅದು. ಅದಕ್ಕೇ ದಿಬ್ಬೂರಹಳ್ಳಿ ರಸ್ತೆ ಹಿಡಿದೆ. ಹೊಗೆಮಂಜು, ಅವರೆಕಾಯಿ ಸೊಗಡು. ಕಾಲಿಗಿಂತ ಮೊದಲು ಎದೆ ಓಡುತ್ತಿತ್ತು, ನಿರೀಕ್ಷೆ ಮಾಡಿದಂತೆಯೇ. ಒಂದು ತಿರುವು ದಾಟಿದರೆ ರಸ್ತೆ ತುಂಬಾ ಹುರುಳಿ ಹರಡಿದ್ದಾರೆ, ಬಸ್ಸು ಲಾರಿ ಓಡಾಡಿ ಒಕ್ಕಣೆ ಆಗಲಿ ಅಂತ.

"ನಿಧಾನಕ್ಕೆ ಹೋಗವ್ವಾ, ಜಾರ್ತದೆ" ಅಂದರು ಪಕ್ಕದಲ್ಲಿ ಮೊರ ಹಿಡಿದು ಕೂತಿದ್ದವರು.

ಇಳಿದು ತಳ್ಳಿಕೊಂಡು ಹೋದೆ. ಆದರೂ ಆ ಕಡೆ ಹೋಗಿ ನೋಡಿದರೆ ಹೊಸ ಚೈನ್ ತುಂಬಾ ಹುರುಳಿ ಹೊಟ್ಟು.