ಅಕ್ಷರಕ್ಕೂ ಮೊದಲು ಒಂದು ಊಹೆ

"ಒಂದು ಸಂಖ್ಯೆಗೆ 4 ಸೇರಿಸಿ, ಬಂದದ್ದನ್ನು 3ರಿಂದ ಗುಣಿಸಿದರೆ ಆ ಸಂಖ್ಯೆಯ ಐದರಷ್ಟಕ್ಕಿಂತ 2 ಕಡಿಮೆ ಬರುತ್ತದೆ. ಸಂಖ್ಯೆ ಯಾವುದು?"

ಎಂಟನೇ ತರಗತಿಯ ಮಕ್ಕಳಿಗೆ ನಾನು ಮೊದಲು ಕೊಡುವ ಹೇಳಿಕೆ ಲೆಕ್ಕ ಇಂಥದ್ದೇ. ಸಮೀಕರಣ ಕೊಟ್ಟರೆ ಅವರು ಪಕ್ಷಾಂತರ ಮಾಡಿ, ಅಂದರೆ ಪದಗಳನ್ನು ಚಿಹ್ನೆ ಬದಲಿಸಿ = ಗುರುತಿನ ಆಚೆ ಬದಿಗೆ ಒಯ್ದು, ಸರಸರನೆ ಬಿಡಿಸುತ್ತಾರೆ. ಅದನ್ನು ಕಟ್ಟುವ ಹೊತ್ತಿಗೇ ಕೈ ನಿಂತುಬಿಡುತ್ತದೆ.

ಹಾಗಾಗಿ ಶುರುವಿಗೇ ಅಕ್ಷರ ಬರೆಸುವುದಿಲ್ಲ. "ಉತ್ತರ 10 ಅಂದುಕೊ, ಸರಿ ಇದೆಯಾ ನೋಡು" ಅನ್ನುತ್ತೇನೆ. ಷರತ್ತು ಒಂದೇ: ಕೂಡಿ ಗುಣಿಸಿ ಮುಗಿಸುವ ಮೊದಲು, ಏನು ಮಾಡುತ್ತಿದ್ದೇನೆ ಅನ್ನುವುದನ್ನು ಹಾಗೇ ಬರೆದಿಡಬೇಕು. ಎಡಕ್ಕೆ 3 × (10 + 4), ಬಲಕ್ಕೆ 5 × 10 − 2. ಒಂದು 42, ಇನ್ನೊಂದು 48. ಸರಿಹೋಗಲಿಲ್ಲ, ಹೋಗಬೇಕಾಗಿಯೂ ಇಲ್ಲ. ಈಗ 10 ಇರುವಲ್ಲೆಲ್ಲ ‘ಸ’ ಬರೆದರೆ 3(ಸ + 4) = 5ಸ − 2 ಎಂಬ ಸಮೀಕರಣ ಸಿದ್ಧ. ಸ = 7. ಲೆಕ್ಕದಲ್ಲಿ ಎಲ್ಲೂ ಬಾರದ ಸಂಖ್ಯೆಯನ್ನೇ ಊಹೆಗೆ ಆರಿಸಬೇಕು, ಇಲ್ಲವಾದರೆ ಯಾವುದನ್ನು ಬದಲಿಸುವುದೆಂದು ಗೊಂದಲವಾಗುತ್ತದೆ.

ಊಹೆಯಿಂದ ಹೊರಡುವುದು ಹಳೆಯ ದಾರಿ. 1150ರ ಸುಮಾರಿನ ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ ಇಷ್ಟಕರ್ಮ ಎಂಬ ವಿಧಾನವಿದೆ: ಇಷ್ಟಬಂದ ಸಂಖ್ಯೆ ಇಟ್ಟು ಲೆಕ್ಕ ಮಾಡಿ, ಬಂದ ಫಲಕ್ಕೂ ಬರಬೇಕಾದ ಫಲಕ್ಕೂ ಇರುವ ಪ್ರಮಾಣದಿಂದ ನಿಜವಾದ ಸಂಖ್ಯೆ ಕಂಡುಹಿಡಿಯುವುದು. ಮೇಲಿನ ಲೆಕ್ಕದಲ್ಲಿ "4 ಸೇರಿಸಿ" ಎಂಬುದು ಆ ಪ್ರಮಾಣವನ್ನು ಕೆಡಿಸುವುದರಿಂದ ನಾನು ಊಹೆಯನ್ನು ಸಮೀಕರಣ ಕಟ್ಟಲು ಮಾತ್ರ ಬಳಸುತ್ತೇನೆ.

ಓದುವಾಗ ವಿಭಕ್ತಿಯ ಕೆಳಗೆ ಗೆರೆ ಎಳೆಸುತ್ತೇನೆ. ಇದು ಕನ್ನಡದಲ್ಲಿ ಗಣಿತ ಕಲಿಯುವವರಿಗೆ ತುಂಬಾ ಮುಖ್ಯ. "8ನ್ನು ಒಂದು ಸಂಖ್ಯೆಯಿಂದ ಕಳೆದರೆ" ಎಂದಾಗ 8 ಮೊದಲು ಕಂಡಿತೆಂದು 8 − ಸ ಬರೆಯುವವರೇ ಹೆಚ್ಚು. ‘ಇಂದ’ ಯಾವುದಕ್ಕೆ ಅಂಟಿದೆಯೋ ಅದೇ ಮುಂದೆ ಬರಬೇಕು: ಸ − 8. "ಸಂಖ್ಯೆಯ ಮೂರರಷ್ಟಕ್ಕೆ 4 ಸೇರಿಸಿ" ಎಂದರೆ 3ಸ + 4, ಅಲ್ಲಿ ಆವರಣ ಬೇಡ.

ಹತ್ತನೇ ತರಗತಿಯ ಅಂಕಿಗಳ ಲೆಕ್ಕಕ್ಕೂ ಇದೇ ದಾರಿ. ಎರಡಂಕಿಯ ಸಂಖ್ಯೆ, ಅಂಕಿಗಳ ಮೊತ್ತ 9, ಅಂಕಿಗಳನ್ನು ಅದಲುಬದಲು ಮಾಡಿದರೆ 27 ಹೆಚ್ಚು. ಇಲ್ಲಿ 45 ಊಹಿಸಿ, ಅದನ್ನು 10 × 4 + 5 ಎಂದು ಬಿಡಿಸಿ ಬರೆಸುತ್ತೇನೆ. ತಿರುಗಿಸಿದರೆ 10 × 5 + 4. ಹತ್ತರ ಸ್ಥಾನಕ್ಕೆ ‘ಹ’, ಬಿಡಿ ಸ್ಥಾನಕ್ಕೆ ‘ಬ’ ಹಾಕಿದರೆ 10ಹ + ಬ, 10ಬ + ಹ. ವ್ಯತ್ಯಾಸ 9(ಬ − ಹ) = 27, ಅಂದರೆ ಬ − ಹ = 3. ಸಂಖ್ಯೆ 36.

ತಾಳೆ ನೋಡುವುದನ್ನು ಸಮೀಕರಣದಲ್ಲಿ ಮಾಡಿಸುವುದಿಲ್ಲ. ಅದನ್ನೇ ತಪ್ಪಾಗಿ ಕಟ್ಟಿದ್ದರೆ ತಪ್ಪು ಉತ್ತರವೂ ಅಲ್ಲಿ ಹೊಂದಿಬಿಡುತ್ತದೆ. ಹೇಳಿಕೆಯನ್ನೇ ಮತ್ತೆ ಗಟ್ಟಿಯಾಗಿ ಓದಿಸುತ್ತೇನೆ: 3 + 6 = 9, 36 + 27 = 63.